ಹನ್ನೆರಡು ಚಿತ್ರ ಸಾಕು: ಚಿತ್ರಕಾರರು ಪೋರ್ಟ್‌ಫೋಲಿಯೊ ಕಟ್ಟುವ ಬಗೆ

‘ನಿಮ್ಮ ಕೆಲಸದ ಸ್ಯಾಂಪಲ್ ಇದ್ರೆ ಕಳಿಸಿ.’ ಪುಸ್ತಕದ ಮುಖಪುಟ, ಮಕ್ಕಳ ಕಥೆಗೆ ಚಿತ್ರ, ವಿಶೇಷಾಂಕಕ್ಕೆ ಇಲಸ್ಟ್ರೇಷನ್ ಮಾಡುವವರಿಗೆ ಈ ಮೆಸೇಜ್ ಬಂದೇ ಬರುತ್ತದೆ. ಹೆಚ್ಚಿನವರು ಆಗ ಫೋನಿನ ಗ್ಯಾಲರಿ ತೆರೆದು, ಕಣ್ಣಿಗೆ ಬಿದ್ದ ಮೂವತ್ತು ಚಿತ್ರಗಳನ್ನು ವಾಟ್ಸಾಪ್‌ಗೆ ಹಾಕುತ್ತಾರೆ. ವಾಟ್ಸಾಪ್ ಅವನ್ನು ಕುಗ್ಗಿಸಿಬಿಡುತ್ತದೆ. ಅಚ್ಚಾದ ಮುಖಪುಟ ಯಾವುದು, ಸುಮ್ನೆ ಗೀಚಿದ್ದು ಯಾವುದು ಅಂತ ಪ್ರಕಾಶಕರಿಗೆ ತಿಳಿಯುವುದಿಲ್ಲ. ಮರುದಿನ ಗುಡ್ ಮಾರ್ನಿಂಗ್ ಹೂಗಳು ಬಂದು ಎಲ್ಲವನ್ನೂ ಮೇಲಕ್ಕೆ ತಳ್ಳಿರುತ್ತವೆ.

ಇದರ ಬದಲು, ಆರಿಸಿದ ಕೆಲಸವನ್ನು ಒಂದೆಡೆ ತೋರಿಸುವ ಪೋರ್ಟ್‌ಫೋಲಿಯೊ ತಾಣ ಮಾಡಿ ಅದರ ಒಂದೇ ಲಿಂಕ್ ಕಳಿಸುವ ಹಾಗಿದ್ದರೆ ಇಬ್ಬರಿಗೂ ಸಲೀಸು. ತಾಣ ಕಟ್ಟುವುದು ಈಗ ದೊಡ್ಡ ಕೆಲಸವಲ್ಲ. ಕಷ್ಟ ಇರುವುದು ಆರಿಸುವುದರಲ್ಲಿ.

ಮೊದಲು ಬಿಡಿ, ಆಮೇಲೆ ಇಡಿ

ನಿಮ್ಮ ಎಲ್ಲ ಕೆಲಸವನ್ನೂ ಒಂದು ಫೋಲ್ಡರ್‌ಗೆ ತನ್ನಿ. ಒಂದೊಂದೇ ಚಿತ್ರ ನೋಡುತ್ತಾ ಕೇಳಿಕೊಳ್ಳಿ: ಇಂಥದ್ದೇ ಕೆಲಸ ನಾಳೆ ಮತ್ತೆ ಬಂದರೆ ಖುಷಿಯಿಂದ ಮಾಡುತ್ತೇನಾ? ಇಲ್ಲ ಅನ್ನಿಸಿದರೆ ತೆಗೆದುಬಿಡಿ. ಮದುವೆ ಕಾರ್ಡ್ ತೋರಿಸಿದರೆ ಮದುವೆ ಕಾರ್ಡಿನ ಕೆಲಸವೇ ಬರುತ್ತದೆ. ಹತ್ತರಿಂದ ಹದಿನೈದು ಚಿತ್ರ ಉಳಿದರೆ ಸಾಕು, ಹನ್ನೆರಡಾದರೆ ನನ್ನ ಪ್ರಕಾರ ಅಳತೆ ಸರಿ. ಎಲ್ಲಕ್ಕಿಂತ ಚೆನ್ನಾಗಿರುವುದು ಮೊದಲು ಬರಲಿ, ಅದರ ನಂತರದ ಒಳ್ಳೆಯದು ಕೊನೆಗೆ. ಸಾಧಾರಣ ಚಿತ್ರ ಒಂದೇ ಒಂದಿದ್ದರೂ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಮೇಷ್ಟ್ರು ಹೊಗಳಿದ್ದರು ಅನ್ನುವ ಕಾರಣಕ್ಕೆ ಕಾಲೇಜಿನಲ್ಲಿ ಹಣ್ಣು, ಹೂಜಿ ಇಟ್ಟು ಬರೆದ ಸ್ಟಿಲ್ ಲೈಫ್ ಸೇರಿಸಬೇಡಿ.

ಇನ್ನೂ ಯಾರೂ ಕೆಲಸ ಕೊಟ್ಟಿಲ್ಲವೇ? ಮಕ್ಕಳ ಪುಸ್ತಕದ ಪ್ರಕಾಶಕರಾದ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣಕ್ಕೆ ಹೋಗಿ. ಅಲ್ಲಿ ಕನ್ನಡದ ಮಕ್ಕಳ ಕಥೆಗಳು ಬೇಕಾದಷ್ಟಿವೆ. ಹೆಚ್ಚಿನವು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿವೆ, ಅಂದರೆ ಮೂಲದವರ ಹೆಸರು ಹಾಕಿ ಬಳಸಿಕೊಳ್ಳಬಹುದು. ಇಷ್ಟವಾದ ಒಂದು ಕಥೆಗೆ ನಿಮ್ಮದೇ ಚಿತ್ರ ಬರೆಯಿರಿ, ಅದೂ ನಾಲ್ಕೈದು ಪುಟ ಸಾಲಾಗಿ. ಅದೇ ಹುಡುಗಿ, ಅದೇ ಲಂಗ, ಅದೇ ಮುಖ ಪುಟದಿಂದ ಪುಟಕ್ಕೆ ಹೊಂದಬೇಕು. ಮಕ್ಕಳ ಪುಸ್ತಕ ಮಾಡಿಸುವವರು ಹುಡುಕುವುದೇ ಇದನ್ನು. ಬಿಡಿ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಈ ಭರವಸೆ ಕೊಡುವುದಿಲ್ಲ. ಕೆಳಗೆ ‘ಅಭ್ಯಾಸಕ್ಕಾಗಿ’ ಅಂತ ಬರೆಯುವುದನ್ನು ಮಾತ್ರ ಮರೆಯಬೇಡಿ.

ಚಿತ್ರವನ್ನು ತೆರೆಗೆ ಸಿದ್ಧಮಾಡುವುದು

ಕಾಗದದ ಮೇಲಿನ ಕೆಲಸ ಎ4 ಒಳಗಿದ್ದರೆ 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕೆಯಂತೆ) ಸ್ಕ್ಯಾನ್ ಮಾಡಿ. ದೊಡ್ಡದಿದ್ದರೆ ಫೋಟೊ ತೆಗೆಯಬೇಕು. ನೇರ ಬಿಸಿಲು ಬೇಡ, ಫ್ಲಾಶ್ ಬೇಡವೇ ಬೇಡ. ಮೋಡದ ದಿನ ಜಗಲಿಯ ಬೆಳಕು ಬಹಳ ಒಳ್ಳೆಯದು. ಚಿತ್ರವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾ ಅದರ ನಡುಮಧ್ಯಕ್ಕೆ ಸಮನಾಗಿರಲಿ. ಇಲ್ಲದಿದ್ದರೆ ಅಂಚುಗಳು ಸೊಟ್ಟಗಾಗುತ್ತವೆ.

ಮುದ್ರಣಕ್ಕೆ ಮಾಡಿದ ಫೈಲ್ ಸಾಮಾನ್ಯವಾಗಿ ಅಚ್ಚಿನ ಶಾಯಿಗೆ ಹೊಂದುವ ಸಿಎಂವೈಕೆ ಬಣ್ಣಗಳಲ್ಲಿರುತ್ತದೆ. ಹಾಗೇ ತಾಣಕ್ಕೆ ಏರಿಸಿದರೆ ಕೆಲವು ಕಡೆ ಬಣ್ಣ ಕೆಡುತ್ತದೆ. ಒಂದು ಪ್ರತಿಯನ್ನು ತೆರೆಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣಗಳಿಗೆ ಬದಲಿಸಿ, ಉದ್ದದ ಬದಿ 2000 ಪಿಕ್ಸೆಲ್ ಇಟ್ಟು ಜೆಪೆಗ್ ಮಾಡಿ. ಒಂದೊಂದು ಫೈಲೂ 500 ಕೆಬಿ ದಾಟದಿದ್ದರೆ ಸಿಗ್ನಲ್ ಸರಿಯಿಲ್ಲದ ಕಡೆಯೂ ಬೇಗ ತೆರೆಯುತ್ತದೆ.

ಇನ್ನು ಕನ್ನಡ ಅಕ್ಷರ. ಇಲ್ಲಿ ಎಡವುವವರು ಬಹಳ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ತಾಣಕ್ಕೆ ಅಂಟಿಸಿದರೆ ಓದಲಾಗದ ವಿಚಿತ್ರ ಚಿಹ್ನೆಗಳು ಕಾಣುತ್ತವೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಪುಕ್ಕಟೆ ಸಿಗುತ್ತವೆ. ಮುಖಪುಟದ ಚಿತ್ರಗಳಲ್ಲಿ ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿ. ಫೋಟೊಶಾಪ್‌ನಲ್ಲಿ (ಹಳೆಯ ಆವೃತ್ತಿಗಳಲ್ಲಿ) ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿರದಿದ್ದರೆ ಒತ್ತು ಬೇರೆಯಾಗಿ ಪಕ್ಕಕ್ಕೆ ಕೂರುತ್ತದೆ. ಬಣ್ಣ ಎಷ್ಟೇ ಚೆಂದವಿದ್ದರೂ ಕನ್ನಡದ ಪ್ರಕಾಶಕರು ಮೊದಲು ಗಮನಿಸುವುದು ಅದನ್ನೇ.

ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಸಾಕು. ಯಾವ ಪುಸ್ತಕ, ಯಾರಿಗೆ, ಯಾವ ವರ್ಷ, ಅದರಲ್ಲಿ ನಿಮ್ಮ ಪಾಲೇನು. ಚಿತ್ರ ನಿಮ್ಮದು, ಅಕ್ಷರ ವಿನ್ಯಾಸ ಬೇರೆಯವರದ್ದು ಅಂತಾದರೆ ಅವರ ಹೆಸರನ್ನೂ ಹಾಕಿ. ಎಐ ಬಳಸಿದ್ದರೆ ಅದನ್ನೂ ಹೇಳಿ. ಒಂದೆರಡು ಕೆಲಸಕ್ಕೆ ಪೆನ್ಸಿಲ್ ಸ್ಕೆಚ್ ಮತ್ತು ಒಪ್ಪಿಗೆಯಾಗದ ಕರಡನ್ನು ಪಕ್ಕದಲ್ಲಿಟ್ಟರೆ, ನೀವು ಯೋಚಿಸುವ ರೀತಿ ಗೊತ್ತಾಗುತ್ತದೆ.

ಹಕ್ಕಿನ ಮಾತು

ದುಡ್ಡು ಪಡೆದು ಮಾಡಿದ ಕೆಲಸವನ್ನೆಲ್ಲ ತೋರಿಸುವ ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ದುಡ್ಡು ಕೊಟ್ಟು ಬರೆಸಿಕೊಂಡ ಪೇಂಟಿಂಗ್, ತೆಗೆಸಿಕೊಂಡ ಫೋಟೊ ಕೂಡ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರಿಗೇ ಸೇರುತ್ತದೆ. ಇದನ್ನು ಬರೆದವರು ನಾನೇ ಅಂತ ಹೇಳಿಕೊಳ್ಳುವ ಹಕ್ಕು ಮಾತ್ರ 57ನೇ ಸೆಕ್ಷನ್ನಿನಲ್ಲಿ ನಿಮಗೇ ಉಳಿಯುತ್ತದೆ. ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ಇಮೇಲ್‌ನಲ್ಲಿ ಒಂದು ಸಾಲು ಸೇರಿಸಿ: ‘ಪುಸ್ತಕ ಬಿಡುಗಡೆಯಾದ ಮೇಲೆ ಈ ಚಿತ್ರಗಳನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸಿಕೊಳ್ಳುತ್ತೇನೆ.’ ಬೇಡ ಅನ್ನುವವರು ಕಡಿಮೆ. ಬಿಡುಗಡೆಗೆ ಮುಂಚೆ ಮುಖಪುಟ ಹಾಕಿದರೆ ಮಾತ್ರ ಜಗಳ ಖಚಿತ.

ಎಲ್ಲಿ ಇಡುವುದು?

ಇನ್‌ಸ್ಟಾಗ್ರಾಂ ಜನ ಬರಲಿಕ್ಕೆ ಒಳ್ಳೆಯದು. ಆದರೆ ಅಲ್ಲಿ ನಿನ್ನೆಯ ಕಾಫಿ ಲೋಟದ ಕೆಳಗೆ ನಿಮ್ಮ ಒಳ್ಳೆಯ ಮುಖಪುಟ ಮುಚ್ಚಿಹೋಗುತ್ತದೆ ಅಲ್ವಾ? ಕಲಾವಿದರು ಕೆಲಸ ತೋರಿಸುವ ತಾಣವಾದ ಬಿಹಾನ್ಸ್‌ನಲ್ಲಿ ಖಾತೆ ಪುಕ್ಕಟೆ, ವಿನ್ಯಾಸಕಾರರನ್ನು ಹುಡುಕುವವರು ಅಲ್ಲಿಗೆ ಬರುತ್ತಾರೆ. ದುಡ್ಡು ಕೊಟ್ಟು ಅಡೋಬಿ ಕ್ರಿಯೇಟಿವ್ ಕ್ಲೌಡ್ ಬಳಸುತ್ತಿದ್ದರೆ ಅದರ ಜೊತೆಗೇ ತಾಣ ಕಟ್ಟುವ ಅಡೋಬಿ ಪೋರ್ಟ್‌ಫೋಲಿಯೊ ಬರುತ್ತದೆ. ಇವೇನೂ ಬೇಡ ಅಂದರೆ ಪುಟ ಕಟ್ಟುವ ಗೂಗಲ್ ಸೈಟ್ಸ್‌ನಲ್ಲಿ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಎಲ್ಲೇ ಇಟ್ಟರೂ ಸ್ವಂತ ಹೆಸರಿನ ಡೊಮೈನ್ (ತಾಣದ ವಿಳಾಸ) ಒಂದು ಕೊಳ್ಳಿ ಅನ್ನುವುದು ನನ್ನ ಹಟ. ಜನ ಪುಕ್ಕಟೆ ತಾಣ ಕಟ್ಟುತ್ತಿದ್ದ ಯಾಹೂನ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿದ್ದ ವಿಳಾಸಗಳೆಲ್ಲ ಹೋದವು. ಡೊಮೈನ್ ನಿಮ್ಮದಾಗಿದ್ದರೆ ಒಳಗಿನ ತಾಣ ಬದಲಾದರೂ ವಿಸಿಟಿಂಗ್ ಕಾರ್ಡ್ ಬದಲಿಸಬೇಕಾಗಿಲ್ಲ. ಹೆಸರು ಚಿಕ್ಕದಿರಲಿ, ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳುವಂತಿರಲಿ.

ಪರಿಚಯದ ಪುಟ ಐದಾರು ಸಾಲು ಮೀರದಿರಲಿ. ಊರು, ಮಾಡುವ ಕೆಲಸ, ಗೊತ್ತಿರುವ ಭಾಷೆಗಳು, ಇಮೇಲ್. ಹೆಸರನ್ನು ಕನ್ನಡ, ಇಂಗ್ಲಿಷ್ ಎರಡೂ ಲಿಪಿಯಲ್ಲಿ ಬರೆಯಿರಿ, ಜನ ಎರಡರಲ್ಲೂ ಹುಡುಕುತ್ತಾರೆ. ಮನೆಯ ವಿಳಾಸ ಬೇಡ.

ಮುಗಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು, ಮನೆಯಲ್ಲಿ ಯಾರದಾದರೂ ಹಳೆಯ ಫೋನಿನಲ್ಲಿ ತೆರೆದು ನೋಡಿ. ಇಮೇಲ್ ವಿಳಾಸ ಒತ್ತಿದರೆ ಇಮೇಲ್ ತೆರೆಯುತ್ತಾ, ಅಕ್ಷರ ಒಡೆದಿದೆಯಾ ಅಂತ ಪರೀಕ್ಷಿಸಿ. ಇದೇ ಹನ್ನೆರಡು ಚಿತ್ರಗಳನ್ನು ಐದು ಎಂಬಿ ಒಳಗಿನ ಪಿಡಿಎಫ್ ಆಗಿಯೂ ಇಟ್ಟುಕೊಳ್ಳಿ. ‘ಲಿಂಕ್ ಬೇಡ, ಫೈಲ್ ಕಳಿಸಿ’ ಅನ್ನುವ ಸಂಪಾದಕರು ಇನ್ನೂ ಇದ್ದಾರೆ. ಅವರಿಗೆ ವಾಟ್ಸಾಪ್‌ನಲ್ಲಿ ಫೋಟೊ ಮಾಡಿ ಅಲ್ಲ, ಡಾಕ್ಯುಮೆಂಟ್ ಮಾಡಿ ಕಳಿಸಿ.