ಗಮ್ ಮಾರುತ್ತಿದ್ದೆ, ಜಗಿಯಲು ಗೊತ್ತಿರಲಿಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಎಷ್ಟೋ ವರ್ಷದಿಂದ ಸಿಗರೇಟು ಬಿಡಿಸುವ ನಿಕೋಟಿನ್ ಗಮ್ ಮಾರುತ್ತಿದ್ದೇನೆ. "ಸಿಗರೇಟು ನೆನಪಾದಾಗ ಒಂದು ಬಾಯಿಗೆ ಹಾಕಿ" ಅಂತ ಹೇಳಿ ಕೊಡುವುದು, ಗಿರಾಕಿ ಆಚೆ ಹೋದ ಕೂಡಲೇ ಅಂಗಡಿಯ ಹಿಂದೆ ಹೋಗಿ ನಾನೇ ಒಂದು ಹಚ್ಚುವುದು. ದಿನಕ್ಕೆ 18 ಸಿಗರೇಟು. ಮೊದಲನೆಯದು ಬೆಳಿಗ್ಗೆ ತೋಟದ ಪಂಪು ಹಾಕಿದ ಕೂಡಲೇ, ಮುಖ ತೊಳೆಯುವ ಮೊದಲೇ.

ಮೊದಲು ಯಾವ ಮದ್ದೂ ಇಲ್ಲದೆ ಸುಮ್ನೆ ಲೆಕ್ಕ ಕಡಿಮೆ ಮಾಡಲು ನೋಡಿದೆ. ಬೆಳಿಗ್ಗೆ ಎಂಟೇ ಎಂಟು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಎರಡು ವಾರ ಹೆಮ್ಮೆಯಿಂದ ಓಡಾಡಿದೆ. ಆಮೇಲೆ ಒಂದು ದಿನ ಹೆಂಡತಿ ಹೇಳಿದಳು, "ನೀವು ಈಗ ಫಿಲ್ಟರನ್ನೂ ಬಿಡದೆ ಎಳೆಯುತ್ತೀರಲ್ಲ." ನಿಜವೇ. ಮೈಗೆ ಬೇಕಾದ ನಿಕೋಟಿನನ್ನು ಮೈ ಹೇಗಾದರೂ ವಸೂಲಿ ಮಾಡುತ್ತದೆ. ಸಿಗರೇಟು ಕಡಿಮೆಯಾದರೆ ದಮ್ಮು ಉದ್ದವಾಗುತ್ತದೆ. ಹೃದಯದ ವಿಷಯದಲ್ಲಂತೂ ಈ ಲೆಕ್ಕ ನಡೆಯುವುದೇ ಇಲ್ಲ. ದಿನಕ್ಕೆ 20 ಸೇದುವವನಿಗೆ ಎಷ್ಟು ಜಾಸ್ತಿ ಅಪಾಯವೋ, ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸೇದುವವನಿಗೂ ಇದೆ. ಹಾಗಾಗಿ ಕಡಿಮೆ ಮಾಡುವುದು ಬಿಡುವುದಕ್ಕೆ ಮೆಟ್ಟಿಲು ಅಷ್ಟೇ, ಅಲ್ಲೇ ಚಾಪೆ ಹಾಸಿ ಮಲಗುವಂತಿಲ್ಲ.

ಕೊನೆಗೆ ನನ್ನದೇ ಶೆಲ್ಫಿನಿಂದ 2 ಮಿಲಿಗ್ರಾಂ ಗಮ್ ತೆಗೆದೆ. ಅದಕ್ಕೆ ಡಾಕ್ಟರ ಚೀಟಿ ಬೇಡ. ಬಾಯಿಗೆ ಹಾಕಿ ಚೂಯಿಂಗ್ ಗಮ್ಮಿನ ಹಾಗೆ ಚಕಚಕ ಜಗಿದೆ. ಐದು ನಿಮಿಷದಲ್ಲಿ ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು. ಗಿರಾಕಿಗಳು ಇದೇ ದೂರು ತಂದಾಗ "ಅಭ್ಯಾಸ ಆಗುತ್ತದೆ" ಅಂತ ಸಾಗಹಾಕುತ್ತಿದ್ದೆ. ಈಗ ನನಗೆ ಹೇಳುವವರು ಯಾರು?

ಹೇಳಿದ್ದು ನೆರೆಮನೆಯ ದೊಡ್ಡಮ್ಮ. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವರು. ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ನನ್ನ ಅವಸ್ಥೆ ನೋಡಿ ನಕ್ಕರು. "ಎಂತ ಮಗಾ ಅದು, ದನ ಮೆಲುಕು ಹಾಕಿದ ಹಾಗೆ? ಹೊಗೆಸೊಪ್ಪನ್ನು ಯಾರಾದರೂ ಹಾಗೆ ಅಗಿಯುತ್ತಾರಾ? ದವಡೆಗೆ ಒತ್ತಿ ಇಡು. ಅದರಷ್ಟಕ್ಕೆ ಬಿಡುತ್ತದೆ."

ಅವತ್ತು ಮೊದಲ ಸಲ ಪೆಟ್ಟಿಗೆಯೊಳಗಿನ ಕಾಗದ ಬಿಡಿಸಿ ಓದಿದೆ. ದೊಡ್ಡಮ್ಮ ಹೇಳಿದ್ದೇ ಅಲ್ಲಿ ಬರೆದಿತ್ತು! ಮೆಲ್ಲಗೆ ನಾಲ್ಕಾರು ಸಲ ಜಗಿಯಬೇಕು. ಕಾಳುಮೆಣಸಿನ ಹಾಗೆ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಇಡಬೇಕು. ಚುರುಕು ಹೋದ ಮೇಲೆ ಮತ್ತೆ ಜಗಿದು, ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗಬೇಕಾದ್ದು ಕೆನ್ನೆಯ ಒಳಚರ್ಮದಿಂದ. ಎಂಜಲಿನ ಜೊತೆ ನುಂಗಿದರೆ ಹೊಟ್ಟೆ ಕೆಡುತ್ತದೆಯೇ ಹೊರತು ಹಪಹಪಿ ಇಳಿಯುವುದಿಲ್ಲ.

ಇನ್ನೊಂದು ವಿಷಯವೂ ಎಲೆಅಡಿಕೆಯಿಂದಲೇ ತಲೆಗೆ ಹೊಕ್ಕಿತು. ಹೊಗೆಸೊಪ್ಪಿಗೆ ಸುಣ್ಣ ಯಾಕೆ ಹಚ್ಚುತ್ತಾರೆ? ಬಾಯಲ್ಲಿ ಕ್ಷಾರ ಇದ್ದರೆ ನಿಕೋಟಿನ್ ಬೇಗ ಹೀರಿಕೊಳ್ಳುತ್ತದೆ. ಗಮ್ಮಿನಲ್ಲೂ ಇದಕ್ಕಾಗಿಯೇ ಒಂದಿಷ್ಟು ಕ್ಷಾರ ಸೇರಿಸಿರುತ್ತಾರೆ. ಬಾಯಲ್ಲಿ ಹುಳಿ ಇದ್ದರೆ ಎಲ್ಲ ಉಲ್ಟಾ. ಚಾ, ಕಾಫಿ, ಲಿಂಬೆ ಸೋಡಾ ಕುಡಿದು 15 ನಿಮಿಷದೊಳಗೆ ಗಮ್ ಹಾಕಿದರೆ ಅರ್ಧಕ್ಕರ್ಧ ದಂಡ. ನಾನೋ, ಚಾ ಕುಡಿದ ಕೂಡಲೇ ಸಿಗರೇಟು ನೆನಪಾಗುವ ಜಾತಿ. ಸರಿಯಾಗಿ ಆ ಹೊತ್ತಿಗೇ ಗಮ್ ಹಾಕುತ್ತಿದ್ದೆ. ಈಗ ಚಾ ಆದ ಮೇಲೆ ಬಾಯಿ ಮುಕ್ಕಳಿಸಿ, ಪೇಪರ್ ಒಂದು ಪುಟ ಓದಿ, ಆಮೇಲೆ.

ಇಷ್ಟೆಲ್ಲ ಮಾಡಿಯೂ ಬೆಳಗಿನ ಸಿಗರೇಟು ಬಿಡಲಿಲ್ಲ. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿಲಿಗ್ರಾಂ ಸಾಲುವುದಿಲ್ಲ, 4 ಬೇಕು. ಅದಕ್ಕೆ ಡಾಕ್ಟರ ಚೀಟಿ ಬೇಕು. ಮದ್ದಿನ ಅಂಗಡಿಯವನೇ ಹೋಗಿ ಡಾಕ್ಟರ ಮುಂದೆ ಕೂರುವುದಕ್ಕೆ ನಾಚಿಕೆಯಾಗಿ ಮೂರು ತಿಂಗಳು ತಳ್ಳಿದೆ. ಹೋದ ಮೇಲೆ ಅವರು ಗಮ್ಮಿನ ಜೊತೆ ಚರ್ಮಕ್ಕೆ ಅಂಟಿಸುವ 21 ಮಿಲಿಗ್ರಾಂ ನಿಕೋಟಿನ್ ಪ್ಯಾಚನ್ನೂ ಬರೆದರು. ಪ್ಯಾಚ್ ದಿನವಿಡೀ ಒಂದೇ ಸಮನೆ ನಿಕೋಟಿನ್ ಬಿಡುತ್ತದೆ, ತಟ್ಟನೆ ಬರುವ ಚಪಲಕ್ಕೆ ಗಮ್. ಒಂದನ್ನೇ ನಂಬುವುದಕ್ಕಿಂತ ಎರಡೂ ಸೇರಿದರೆ ಬಿಡುವವರು ಜಾಸ್ತಿ ಅಂತ ಅವರ ಮಾತು. ನನ್ನ ಮಟ್ಟಿಗೆ ಅದು ಸರಿ.

ಪ್ಯಾಚಿನ ಕಷ್ಟ ಬೇರೆ. ಎಪ್ರಿಲ್ ತಿಂಗಳು, ನಮ್ಮೂರ ಸೆಕೆ. ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅಂಚು ಏಳುತ್ತಿತ್ತು. ತೋಳಿನ ಮೇಲ್ಭಾಗ ಒರೆಸಿ, ಒಣಗಿಸಿ, ಪ್ಯಾಚನ್ನು ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿದರೆ ನಿಲ್ಲುತ್ತದೆ. ದಿನಾ ಜಾಗ ಬದಲಿಸಬೇಕು, ಇಲ್ಲದಿದ್ದರೆ ತುರಿಕೆ. ರಾತ್ರಿಯೂ ಮೈಮೇಲೆ ಇದ್ದರೆ ಕನಸೋ ಕನಸು. ಒಂದು ರಾತ್ರಿ ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದು ನನ್ನ ಶೆಲ್ಫಿನಿಂದ ಅಡಿಕೆ ಸುಲಿಯುತ್ತಿದ್ದರು! ಮಲಗುವಾಗ ಕಿತ್ತರೆ ಕನಸಿಲ್ಲ. ಆದರೆ ಬೆಳಿಗ್ಗೆ ಹೊಸದು ಹಚ್ಚಿ ಅದು ಏರಲು ಕೆಲವು ಗಂಟೆ ಬೇಕು. ಪಂಪಿನ ಹತ್ತಿರದ ಆ ಹೊತ್ತಿಗೆ 4ರ ಗಮ್ ಇಟ್ಟುಕೊಂಡೆ. ಅಲ್ಲಿಗೆ ಗಂಟು ಬಿಚ್ಚಿತು. ಪ್ಯಾಚ್ ಆರು ವಾರ 21 ಮಿಲಿಗ್ರಾಂ, ಎರಡು ವಾರ 14, ಎರಡು ವಾರ 7.

ನಡುವೆ ಒಮ್ಮೆ ಜಾರಿದೆ. ಬಯಲಾಟ, ರಾತ್ರಿ ಎರಡು ಗಂಟೆ, ಚೌಕಿಯ ಹಿಂದೆ ಗೆಳೆಯರು. ಎರಡು ಸೇದಿದೆ. ಪ್ಯಾಚ್ ಹಚ್ಚಿಕೊಂಡು ಸೇದಿದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ ಅಂತ ಊರಲ್ಲಿ ಮಾತಿದೆ. ಬೆಳಗಾದ ಮೇಲೆ ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. "ಹಾಗೇನಿಲ್ಲ, ಪ್ಯಾಚ್ ಬಿಡಬೇಡಿ, ಇವತ್ತಿನದು ಹಚ್ಚಿ" ಅಂದರು. ಮೊನ್ನೆ ಮೊನ್ನೆ ಹೃದಯಾಘಾತ ಆದವರ, ಗರ್ಭಿಣಿಯರ ಮಾತು ಬೇರೆ. ಅವರು ಕೇಳಿಯೇ ಮುಟ್ಟಬೇಕು.

ಹೀರುವ ಮಾತ್ರೆಯೂ ಇದೆ, ಲೋಜೆಂಜ್. ಹಲ್ಲಿನ ಸೆಟ್ ಇರುವವರಿಗೆ ಗಮ್ ಅಂಟುತ್ತದೆ, ಅವರಿಗೆ ಇದೇ ಲಾಯಕ್ಕು.

ದುಬೈಯಿಂದ ಬಂದ ಭಾವ ಒಂದು ವೇಪ್, ಅಂದರೆ ಇ-ಸಿಗರೇಟು, ತಂದಿದ್ದ. ಎಳೆದು ನೋಡಿಲ್ಲ ಅಂದರೆ ಸುಳ್ಳು. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಅದನ್ನೂ ಸೂಚಿಸುತ್ತಾರೆ. ನಮ್ಮಲ್ಲಿ 2019ರಿಂದ ಆಮದು, ಮಾರಾಟ ಎಲ್ಲ ನಿಷೇಧ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮಾರಲು ಕೇಳಿದವರಿಗೆ ಇಷ್ಟು ಹೇಳಿ ಕಳಿಸುತ್ತೇನೆ.

ಸಿಗರೇಟು ಬಿಟ್ಟು ಹೊಗೆಸೊಪ್ಪಿಗೆ ಹೋದೆ ಅಂತ ಹೆಮ್ಮೆಪಡುವವರೂ ಇದ್ದಾರೆ. ಹೊಗೆ ತಪ್ಪಿತು, ಬಾಯಿಯ ಕ್ಯಾನ್ಸರ್ ತಪ್ಪಲಿಲ್ಲ. ಗಮ್ಮಿನಲ್ಲಿ ನಿಕೋಟಿನ್ ಮಾತ್ರ ಇದೆ. ಅದು ಚಟ ಹಿಡಿಸುತ್ತದೆ ನಿಜ, ಆದರೆ ಟಾರೂ ಇಲ್ಲ, ಕಾರ್ಬನ್ ಮಾನಾಕ್ಸೈಡೂ ಇಲ್ಲ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪಟ್ಟಿಗೆ ಹಾಕಿದೆ. ಇದನ್ನು ನಮ್ಮೂರಲ್ಲಿ ಗಟ್ಟಿಯಾಗಿ ಹೇಳಿದರೆ ಅಂಗಡಿಗೆ ಜನ ಬರಲಿಕ್ಕಿಲ್ಲ. ನನ್ನ ತೋಟದಲ್ಲೂ ಅಡಿಕೆಯೇ ಇರುವುದು ತಾನೇ.

ಸಿಗರೇಟು ಪ್ಯಾಕಿನ ಮೇಲಿರುವ, ಬಿಡುವವರಿಗೆ ನೆರವಾಗುವ 1800-11-2356ಕ್ಕೂ ಒಮ್ಮೆ ಫೋನ್ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ಕಾಸರಗೋಡಿನವರಿಗೆ ಅದೇ ಅರ್ಧ ಮದ್ದು, ಅಲ್ವಾ?

ಸಿಗರೇಟು ಮುಟ್ಟದೆ ಎರಡು ವರ್ಷ ಆಯಿತು. ಅಂಗಿಯ ಜೇಬಿನಲ್ಲಿ 2 ಮಿಲಿಗ್ರಾಮಿನದೊಂದು ಗಮ್ ಈಗಲೂ ಇರುತ್ತದೆ, ಹೆಚ್ಚಾಗಿ ಅಲ್ಲೇ ಉಳಿಯುತ್ತದೆ. ಅಂಗಡಿಗೆ ಯಾರಾದರೂ ಬಂದು ಗಮ್ ಕೇಳಿದರೆ ಶೆಲ್ಫಿಗೆ ಕೈ ಹಾಕುವ ಮೊದಲು ನಾನು ಕೇಳುವುದು ಒಂದೇ: "ಚಾ ಕುಡಿದು ಬಂದದ್ದಾ?"