ನಿಮ್ಮ ಬೀದಿ ಕೆಲಸ ಪಾಲಿಕೆ ಬಜೆಟ್‌ಗೆ ಸೇರಬೇಕಾದ್ರೆ ಏನು ಮಾಡಬೇಕು?

ಬಜೆಟ್ ಮಂಡನೆಯಾದ ಮಾರನೇ ದಿನ ಪೇಪರ್ ನೋಡಿ ‘ನಮ್ಮ ಏರಿಯಾಗೆ ಏನೂ ಕೊಟ್ಟಿಲ್ಲ’ ಅಂತ ಎಲ್ಲರೂ ಬೈಯುತ್ತಾರೆ. ಬೈದು ಪ್ರಯೋಜನ ಇಲ್ಲ. ಪಟ್ಟಿ ಆಗಲೇ ಮುಗಿದಿರುತ್ತದೆ. ಏಪ್ರಿಲ್ 1ಕ್ಕೆ ಶುರುವಾಗುವ ವರ್ಷಕ್ಕೆ ಯಾವ ಕಾಮಗಾರಿ ಬೇಕು ಅಂತ ಇಂಜಿನಿಯರ್‌ಗಳು ಬರೆದುಕೊಳ್ಳುವುದು ಅದಕ್ಕೂ ತಿಂಗಳುಗಟ್ಟಲೆ ಮುಂಚೆ. ಹಾಗಾಗಿ ನಿಮ್ಮ ಅರ್ಜಿ ನವೆಂಬರ್, ಡಿಸೆಂಬರ್‌ನಲ್ಲೇ ಅವರ ಟೇಬಲ್ ಮೇಲೆ ಇರಬೇಕು, ಸಂಕ್ರಾಂತಿ ಹೊತ್ತಿಗೆ ಒಂದು ಸಲ ಹೋಗಿ ನೆನಪಿಸಿಯೂ ಬಂದಿರಬೇಕು.

ಮೊದಲು ನಿಮ್ಮ ಪಾಲಿಕೆ ಯಾವುದು ನೋಡಿಕೊಳ್ಳಿ. ಬೆಂಗಳೂರಲ್ಲಿ ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ 2025ರ ಸೆಪ್ಟೆಂಬರ್‌ನಿಂದ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ ಆಗಿವೆ. ವಾರ್ಡ್ ಗಡಿಗಳೂ ಬದಲಾಗಿವೆ. ಹಳೇ ವಾರ್ಡ್ ನಂಬರ್ ಹಾಕಿ ಅರ್ಜಿ ಕೊಟ್ಟರೆ ‘ಇದು ನಮ್ಮ ಲಿಮಿಟ್‌ಗೆ ಬರಲ್ಲ ಸಾರ್’ ಅನ್ನುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಇನ್ನೊಂದು, ಯಾರನ್ನು ಏನು ಕೇಳಬೇಕು ಅನ್ನುವುದು. ನಲ್ಲಿ ನೀರು, ಒಳಚರಂಡಿ ಜಲಮಂಡಳಿಯದ್ದು. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂದು. ಬಸ್ಸು ಬಿಎಂಟಿಸಿಯದ್ದು. ನಿಮ್ಮ ಒಳರಸ್ತೆ, ಫುಟ್‌ಪಾತ್, ರಸ್ತೆ ಬದಿಯ ಮಳೆ ಚರಂಡಿ, ಬೀದಿ ದೀಪ, ಪಾರ್ಕು, ಇವು ಪಾಲಿಕೆಯದ್ದು. ಮ್ಯಾನ್‌ಹೋಲ್ ಉಕ್ಕುತ್ತಿದೆ ಅಂತ ಪಾಲಿಕೆ ಬಜೆಟ್‌ಗೆ ಸಲಹೆ ಬರೆದರೆ ಅದು ಯಾವುದೋ ಫೈಲ್‌ನಲ್ಲಿ ಸುಮ್ನೆ ಕೂತಿರುತ್ತದೆ ಅಷ್ಟೇ.

ಈಗ ಅರ್ಜಿ. ಎಲ್ಲರೂ ಎಡವುವುದು ಇಲ್ಲೇ. ‘ರಸ್ತೆಗಳನ್ನು ಅಭಿವೃದ್ಧಿಪಡಿಸಬೇಕೆಂದು ಕೋರುತ್ತೇವೆ’ ಅಂತ ಬರೆದರೆ ಯಾವ ಇಂಜಿನಿಯರ್ ಕೂಡ ಅದರಿಂದ ಖರ್ಚಿನ ಅಂದಾಜು ಪಟ್ಟಿ ತಯಾರಿಸಲಾರ. ಅವರಿಗೆ ಬೇಕಿರುವುದು ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಏನು ಹಾಳಾಗಿದೆ. ಹೀಗೆ ಬರೆಯಿರಿ: ‘4ನೇ ಮುಖ್ಯರಸ್ತೆಯಲ್ಲಿ ಶಾಲೆಯ ಗೇಟಿನಿಂದ ಬಸ್ ಸ್ಟಾಪ್‌ವರೆಗೆ ಸುಮಾರು 120 ಮೀಟರ್ ಫುಟ್‌ಪಾತ್ ದುರಸ್ತಿ. ಮೂರು ಕಡೆ ಚರಂಡಿ ಮೇಲಿನ ಚಪ್ಪಡಿ ಕಲ್ಲು ಒಡೆದಿದೆ. ಬೇಕರಿ ಎದುರು ಕಲ್ಲೇ ಇಲ್ಲ, ಮಕ್ಕಳು ರಸ್ತೆಗಿಳಿದು ನಡೆಯುತ್ತಾರೆ.’ ಫೋಟೋ ಹಚ್ಚಿ. ಉದ್ದ ಗೊತ್ತಾಗದಿದ್ದರೆ ಫೋನಿನ ಮ್ಯಾಪ್‌ನಲ್ಲೇ ಅಳೆಯಬಹುದು. ಒಂದು ಅರ್ಜಿಯಲ್ಲಿ ಒಂದೇ ಕೆಲಸ. ಹದಿನೈದು ಬೇಡಿಕೆ ತುಂಬಿದರೆ ಅವುಗಳಲ್ಲಿ ಅತಿ ಸುಲಭದ್ದೊಂದು ಮಾಡಿ, ‘ಕ್ರಮ ಕೈಗೊಳ್ಳಲಾಗಿದೆ’ ಅಂತ ಮುಗಿಸುತ್ತಾರೆ.

ಏನು ಕೇಳಬೇಕು ಅನ್ನುವುದರಲ್ಲಿ ನನ್ನದೊಂದು ಹಟ ಇದೆ. ಹೊಸ ಕಮಾನು, ಹೊಸ ಕಾರಂಜಿ ಬೇಡ, ಇರುವುದನ್ನು ರಿಪೇರಿ ಮಾಡಿ ಅಂತ ಕೇಳಿ. ಯಾವುದು ಮೊದಲು ಅಂತ ಬೀದಿಯವರೇ ಸೇರಿ ಒಂದು ಸಂಜೆ ಮಾತಾಡಿಕೊಳ್ಳಿ. ಆ ಮಾತಿಗೆ ಬಾಡಿಗೆದಾರರನ್ನೂ, ಮೂಲೆಯ ಸೊಪ್ಪಿನ ಅಮ್ಮನನ್ನೂ ಕರೆಯಿರಿ. ಬೆಳಗ್ಗೆಯಿಂದ ಸಂಜೆವರೆಗೂ ಆ ಫುಟ್‌ಪಾತ್ ಮೇಲೆ ಇರುವವರು ಅವರು, ಕಾರಲ್ಲಿ ಹೋಗಿ ಬರುವ ಅಸೋಸಿಯೇಷನ್ ಪ್ರೆಸಿಡೆಂಟ್ ಅಲ್ಲ ಅಲ್ವಾ?

ಅರ್ಜಿಯನ್ನು ವಾರ್ಡ್ ಇಂಜಿನಿಯರ್ ಕಚೇರಿಯಲ್ಲಿ ಕೊಟ್ಟು, ನಿಮ್ಮ ಕಾಪಿ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಒಂದು ಪ್ರತಿ ಆಯುಕ್ತರಿಗೆ, ಒಂದು ಶಾಸಕರ ಕಚೇರಿಗೆ. ಶಾಸಕರು ಯಾಕೆ ಅಂದರೆ, 2020ರ ಸೆಪ್ಟೆಂಬರ್‌ನಲ್ಲಿ ಆಯ್ಕೆಯಾದ ಕಾರ್ಪೊರೇಟರ್‌ಗಳ ಕೌನ್ಸಿಲ್ ಅವಧಿ ಮುಗಿದ ಮೇಲೆ ಬಿಬಿಎಂಪಿ ಇರುವ ತನಕ ಚುನಾವಣೆಯೇ ನಡೆಯಲಿಲ್ಲ, ಬಜೆಟ್ ಮಂಡಿಸಿದ್ದೂ ಅಧಿಕಾರಿಗಳೇ. ಅಷ್ಟು ವರ್ಷ ವಾರ್ಡ್ ಕೆಲಸದಲ್ಲಿ ಶಾಸಕರ ಮಾತೇ ಜಾಸ್ತಿ ನಡೆದಿದೆ. ವಾರ್ಡ್ ಸಮಿತಿ ಸಭೆ ನಡೆದರೆ ಖಂಡಿತ ಹೋಗಿ. ಅಲ್ಲಿ ಭಾಷಣ ಬೇಡ, ನಿಮ್ಮ ಕೆಲಸವನ್ನು ನಡಾವಳಿಯಲ್ಲಿ ಬರೆಸಿ ಬನ್ನಿ. ಜನರಿಂದ ಬಜೆಟ್ ಸಲಹೆ ಕೇಳುವ ‘ನನ್ನ ನಗರ ನನ್ನ ಬಜೆಟ್’ ಥರದ ಅಭಿಯಾನ ಬಂದರೆ ಅದರಲ್ಲೂ ಹಾಕಿ, ಆದರೆ ಸೀಲು ಬಿದ್ದ ಕಾಗದದ ಬದಲಿಗಲ್ಲ.

ಬಜೆಟ್ ಬಂದ ಮೇಲೆ ಹೆಡ್‌ಲೈನ್ ನಂಬರ್ ನೋಡಿ ಹಿಗ್ಗಬೇಡಿ. 2024-25ರಲ್ಲಿ 12,300 ಕೋಟಿ ಚಿಲ್ಲರೆ ಇದ್ದ ಬಿಬಿಎಂಪಿ ಬಜೆಟ್ 2025-26ಕ್ಕೆ 19,927 ಕೋಟಿಗೆ ಹಾರಿತು. ಒಂದೇ ವರ್ಷದಲ್ಲಿ ಊರು ಅಷ್ಟು ಶ್ರೀಮಂತ ಆಯಿತಾ? ಇಲ್ಲ. ಆ ವರ್ಷ ರಾಜ್ಯ ಸರ್ಕಾರ ಬೆಂಗಳೂರಿಗೆ ಕೊಡುವ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿತ್ತು, ಅದೂ ದೊಡ್ಡ ಯೋಜನೆಗಳನ್ನು ಮನಸ್ಸಲ್ಲಿಟ್ಟುಕೊಂಡು. ನಿಮ್ಮ ಚಪ್ಪಡಿ ಕಲ್ಲಿಗೂ ಅದಕ್ಕೂ ಸಂಬಂಧ ಕಡಿಮೆ.

ಬಜೆಟ್ ಪುಸ್ತಕ ಡೌನ್‌ಲೋಡ್ ಮಾಡಿ ಕಾಲಂಗಳನ್ನು ನೋಡಿ. ಒಂದು ಕಡೆ ಹಿಂದೆ ನಿಜವಾಗಿ ಖರ್ಚಾದದ್ದು, ಪಕ್ಕದಲ್ಲಿ ಈ ವರ್ಷದ ಪರಿಷ್ಕೃತ (ಅಂದರೆ ವರ್ಷದ ನಡುವೆ ತಿದ್ದಿದ) ಅಂದಾಜು, ಆಮೇಲೆ ಮುಂದಿನ ವರ್ಷದ ಅಂದಾಜು. ಫುಟ್‌ಪಾತ್‌ಗೆ ಮುಂದಿನ ವರ್ಷ ಎಷ್ಟು ಇಟ್ಟಿದ್ದಾರೆ ಅನ್ನುವುದಕ್ಕಿಂತ ಹಿಂದೆ ಇಟ್ಟದ್ದರಲ್ಲಿ ಎಷ್ಟು ಖರ್ಚು ಮಾಡಿದರು ಅನ್ನುವುದು ಮುಖ್ಯ. ದೊಡ್ಡ ಅಂಕಿ ಬರೆದು ಅರ್ಧವೂ ಖರ್ಚಾಗದ ಬಾಬ್ತು ಕಂಡರೆ ಅದನ್ನು ಗುರುತು ಮಾಡಿಟ್ಟುಕೊಳ್ಳಿ, ಮುಂದಿನ ಸಭೆಯಲ್ಲಿ ಕೇಳೋಕೆ ಅದಕ್ಕಿಂತ ಒಳ್ಳೆ ಪ್ರಶ್ನೆ ಸಿಗಲ್ಲ. ಹಳೇ ಬಾಕಿ ಬಿಲ್‌ಗಳಿಗೆ ಎಷ್ಟು ಹೋಗುತ್ತಿದೆ ಅಂತಲೂ ನೋಡಿ. ಗುತ್ತಿಗೆದಾರರಿಗೆ ಹಳೇ ದುಡ್ಡೇ ಬಂದಿಲ್ಲದಿದ್ದರೆ ಹೊಸ ಟೆಂಡರ್ ಹಾಕೋಕೆ ಯಾರು ಬರ್ತಾರೆ?

ನಿಮ್ಮ ಕೆಲಸ ಮಂಜೂರಾಯಿತು ಅಂತ ಬಾಯಿಮಾತಲ್ಲಿ ಹೇಳಿದರೆ ಜಾಬ್ ಕೋಡ್ ಕೇಳಿ. ಬಿಬಿಎಂಪಿ ಕಾಲದಿಂದಲೂ ಪ್ರತಿ ಕಾಮಗಾರಿಗೂ ಹಾಗೊಂದು ನಂಬರ್ ಇರುತ್ತದೆ. ಅದು ಸಿಕ್ಕರೆ ಟೆಂಡರ್, ಗುತ್ತಿಗೆದಾರ, ಬಿಲ್ಲು ಎಲ್ಲ ಹುಡುಕಬಹುದು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, ಕರ್ನಾಟಕದಲ್ಲಿ 150 ಪದದ ಮಿತಿ, ಉತ್ತರಕ್ಕೆ 30 ದಿನ. ಅದರಲ್ಲಿ ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ದಾಖಲೆ ಕೇಳಿ. ಅಂದಾಜು ಪಟ್ಟಿ, ಕಾರ್ಯಾದೇಶ (ವರ್ಕ್ ಆರ್ಡರ್), ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿ. ಅಳತೆ ಪುಸ್ತಕದಲ್ಲಿ 120 ಮೀಟರ್ ಅಂತ ಬರೆದು ಬಿಲ್ ಆಗಿದ್ದು, ನಿಮ್ಮ ಬೀದಿಯಲ್ಲಿ 80 ಮೀಟರ್‌ಗೇ ಕಲ್ಲು ನಿಂತಿದ್ದರೆ, ಫೋಟೋ ಸಮೇತ ಆ ಪುಟವನ್ನೇ ಆಯುಕ್ತರಿಗೆ ಕಳಿಸಿ.