ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬಂದರೆ ಎಲ್ಲಿ ಹುಡುಕಬೇಕು

ನಮ್ಮ ಫ್ಲಾಟಿನಲ್ಲಿ ಇದು ಮೊದಲು ಗೊತ್ತಾದದ್ದು ಫ್ಲಶ್ ಟ್ಯಾಂಕಿನಿಂದ. ಒರೆಸೋಣವೆಂದು ಕೈಯಿಟ್ಟರೆ ಪಿಂಗಾಣಿ ಬೆಚ್ಚಗಿತ್ತು. ಮುಚ್ಚಳ ಎತ್ತಿದಾಗ ಒಳಬದಿಯಲ್ಲಿ ಹಬೆಯ ಹನಿಗಳು. ಆ ಟ್ಯಾಂಕಿಗೆ ಹೋಗುವುದು ತಣ್ಣೀರಿನ ಪೈಪೊಂದೇ. ಅಂದರೆ ನಾವು ಕರೆಂಟ್ ಸುಟ್ಟು ಕಾಯಿಸಿದ ನೀರನ್ನು ಫ್ಲಶ್ ಮಾಡುತ್ತಿದ್ದೆವು. ಬಂದ ಪ್ಲಂಬರ್ ಒಂದೇ ಮಾತಿನಲ್ಲಿ "ಗೀಸರ್ ಹೋಗಿದೆ, ಬದಲಾಯಿಸಿ" ಎಂದರು. ಬದಲಾಯಿಸಿದ್ದರೆ ಹೊಸ ಗೀಸರಿನ ನೀರೂ ಅದೇ ಟ್ಯಾಂಕಿಗೆ ಹೋಗುತ್ತಿತ್ತು.

ಸ್ಪ್ಯಾನರ್ ಹಿಡಿಯುವ ಮೊದಲು ತಣ್ಣೀರಿನ ನಲ್ಲಿ ತಿರುಗಿಸಿ, ಬೆರಳಿಟ್ಟು, ಎಷ್ಟು ಹೊತ್ತು ಬಿಸಿ ಬರುತ್ತದೆ ಎಂದು ನೋಡಿ. ಗೀಸರ್ ಆಫ್ ಇದ್ದು ನೀರು ತಣ್ಣಗಾಗಿರುವ ದಿನವೂ ಮಧ್ಯಾಹ್ನ ಬಿಸಿ ಬಂದರೆ ಅದು ಬಿಸಿಲಿಗೆ ಕಾದ ಟ್ಯಾಂಕು ಅಥವಾ ತಾರಸಿಯ ಪೈಪು. ನಿಮ್ಮ ಮನೆಯೊಳಗೆ ದೋಷವಿಲ್ಲ. ಮೊದಲ ಒಂದೆರಡು ಲೋಟ ಮಾತ್ರ ಬೆಚ್ಚಗಿದ್ದು ಆಮೇಲೆ ತಣ್ಣಗಾದರೆ, ಗೋಡೆಯೊಳಗೆ ಎರಡು ಪೈಪು ಅಂಟಿಕೊಂಡಿರಬಹುದು, ಇಲ್ಲವೇ ಗೀಸರಿನ ನಾನ್‌ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವುದು) ಕೆಟ್ಟಿರಬಹುದು. ನೀರು ಕಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವಷ್ಟರಲ್ಲಿ ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ. ತಡೆಯುವ ವಾಲ್ವ್ ಇಲ್ಲದಿದ್ದರೆ ಅಷ್ಟು ನೀರು ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. ಆದರೆ ಅಷ್ಟೇ, ಅದಕ್ಕಿಂತ ಹೆಚ್ಚಲ್ಲ.

ನಮ್ಮಲ್ಲಿ ಹಾಗಿರಲಿಲ್ಲ. ಗೀಸರಿನಲ್ಲಿ ಬಿಸಿ ಇರುವಷ್ಟು ಹೊತ್ತೂ ಬರುತ್ತಲೇ ಇತ್ತು. ಹಾಗಿದ್ದರೆ ಎರಡು ಲೈನುಗಳು ಎಲ್ಲೋ ಒಂದು ಕಡೆ ಕೂಡಿಕೊಂಡಿವೆ ಎಂದೇ ಅರ್ಥ. ಅವು ಭೇಟಿಯಾಗುವ ಜಾಗ ಮಿಕ್ಸರ್, ಅಂದರೆ ಬಿಸಿನೀರು, ತಣ್ಣೀರು ಎರಡನ್ನೂ ಬೆರೆಸಿ ಕೊಡುವ ನಲ್ಲಿ. ಎಲ್ಲಕ್ಕಿಂತ ಮೊದಲು ಹ್ಯಾಂಡ್ ಶವರ್ ನೋಡಿ: ಮಿಕ್ಸರ್ ತೆರೆದೇ ಬಿಟ್ಟು, ಶವರಿನ ಹಿಡಿಯಲ್ಲಿರುವ ಗುಂಡಿಯಿಂದ ಮಾತ್ರ ನೀರು ನಿಲ್ಲಿಸುವ ಅಭ್ಯಾಸ ಯಾರಿಗಾದರೂ ಇದೆಯೇ? ಹೊರಗೆ ಹನಿ ಬೀಳದಿದ್ದರೂ ಒಳಗೆ ಬಾಗಿಲು ತೆರೆದೇ ಇರುತ್ತದೆ. ಬೇರೆಲ್ಲೋ ತಣ್ಣೀರು ಬಿಟ್ಟು ಆ ಲೈನಿನ ಒತ್ತಡ ತಗ್ಗಿತೋ, ಬಿಸಿನೀರು ಅತ್ತ ಹರಿಯುತ್ತದೆ. ನಮ್ಮ ಮನೆಯಲ್ಲಿ ಮುಕ್ಕಾಲು ಪಾಲು ತೊಂದರೆ ಇದೇ ಆಗಿತ್ತು. ಯಾರ ಅಭ್ಯಾಸ ಎಂಬುದು ಮನೆಯೊಳಗಿನ ಮಾತು, ಬಿಡಿ.

ಉಳಿದ ಕಾಲು ಪಾಲಿಗೆ ಒಂದು ಪರೀಕ್ಷೆ ಬೇಕಾಯಿತು. ಗೀಸರಿನ ಸ್ವಿಚ್ ಆರಿಸಿ, ಒಳಗಿನ ನೀರು ಆರುವವರೆಗೆ ಕಾಯಿರಿ. ಎಲ್ಲ ನಲ್ಲಿಗಳನ್ನೂ ಮುಚ್ಚಿ. ಗೀಸರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಈಗ ಒಂದೇ ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಸುರಿದು ನಿಂತರೆ ಸರಿ. ನಿಲ್ಲದೆ ಹರಿಯುತ್ತಿದ್ದರೆ, ಆ ನೀರು ತಣ್ಣೀರಿನ ಲೈನಿನಿಂದ ಕಳ್ಳದಾರಿಯಲ್ಲಿ ಬರುತ್ತಿದೆ. ಪರೀಕ್ಷೆಗೆ ತೆರೆದ ನಲ್ಲಿ ಮಿಕ್ಸರ್ ಆಗಿದ್ದರೆ ಅದೇ ಕಳ್ಳನಾಗಿರಲೂಬಹುದು. ಬೇರೆ ನಲ್ಲಿಯಲ್ಲೂ ಒಮ್ಮೆ ನೋಡಿ.

ಹರಿಯುತ್ತಿರುವಾಗಲೇ ಸಿಂಕು, ವಾಶ್ ಬೇಸಿನ್‌ಗಳ ಕೆಳಗಿನ ತಣ್ಣೀರಿನ ಪುಟ್ಟ ವಾಲ್ವ್, ಅಂದರೆ ಆಂಗಲ್ ಕಾಕ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ತಪ್ಪು ಅಲ್ಲಿದೆ. ಬಿಸಿ, ತಣ್ಣೀರು ಎರಡೂ ಪೈಪು ಜೋಡಿಸಿರುವ ವಾಷಿಂಗ್ ಮೆಷಿನ್ ಇದ್ದರೆ ಅದನ್ನೂ ಬಿಡಬೇಡಿ. ಗೋಡೆಯೊಳಗೆ ಹುದುಗಿಸಿದ ಶವರ್ ಮಿಕ್ಸರಿಗೆ ಸಾಮಾನ್ಯವಾಗಿ ಆಂಗಲ್ ಕಾಕ್ ಇರುವುದಿಲ್ಲ. ಉಳಿದವೆಲ್ಲ ನಿರಪರಾಧಿಗಳೆಂದಾದರೆ ಸಂಶಯ ಅದರ ಮೇಲೆ.

ನಮ್ಮಲ್ಲಿ ಸಿಕ್ಕಿಬಿದ್ದದ್ದು ಅಡುಗೆಮನೆಯ ಮಿಕ್ಸರ್. ಹೊರಗೆ ಒಂದು ಹನಿಯೂ ಸೋರುತ್ತಿರಲಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡೂ ಆಂಗಲ್ ಕಾಕ್ ಮುಚ್ಚಿ, ಹಿಡಿಯ ಹಿಂದಿನ ಪುಟ್ಟ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲಿಸಿ, ಟೋಪಿ ಬಿಚ್ಚಿ, ಕೆಳಗಿನ ನಟ್ ತಿರುಗಿಸಿದರೆ ಕಾರ್ಟ್ರಿಜ್, ಅಂದರೆ ನೀರನ್ನು ಬಿಡುವ, ತಡೆಯುವ ಒಳಭಾಗ, ಮೇಲೆ ಬರುತ್ತದೆ. ಅದರ ತಳದಲ್ಲಿದ್ದ ರಬ್ಬರ್ ಬಳೆಗಳಲ್ಲಿ ಒಂದು ಚಪ್ಪಟೆಯಾಗಿ, ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಸುತ್ತ ಬಿಳಿ ಸುಣ್ಣದ ಹಿಟ್ಟು. ಕಾರ್ಟ್ರಿಜ್‌ಗಳಲ್ಲಿ 35 ಮತ್ತು 40 ಮಿಲಿಮೀಟರ್ ಅಳತೆಯವು ಸಾಮಾನ್ಯ, ಕಣ್ಣಂದಾಜಿಗೆ ಎರಡೂ ಒಂದೇ. ನಾನು ಅಂದಾಜಿನ ಮೇಲೆ ತಂದು ಎರಡು ಸಲ ಅಂಗಡಿಗೆ ಅಲೆದೆ. ನೀವು ಹಳೆಯದನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಹೊಸದನ್ನು ಕೂರಿಸುವ ಮೊದಲು ಒಳಗಿನ ಸುಣ್ಣವನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಳೆ ಸರಿಯಾಗಿ ಕೂರುವುದಿಲ್ಲ.

ಕೆಲಸ ಮುಗಿದ ಮೇಲೆ ಗೀಸರಿನ ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಒಂದೇ ಸಮ ನೀರು ಬಂದ ನಂತರವೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕಾದರೆ ಆಗ ನಿಜವಾಗಿಯೂ ಗೀಸರ್ ಹೋಗುತ್ತದೆ. ದುರಸ್ತಿ ಆಗುವವರೆಗೆ ಥರ್ಮೋಸ್ಟಾಟ್ ತಗ್ಗಿಸಿಡಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ತಣ್ಣೀರೆಂದು ಕೈಯೊಡ್ಡುವ ಮಗುವಿಗೆ ಅದು ಗೊತ್ತಿರುವುದಿಲ್ಲ. ಆ ನೀರನ್ನು ಕುಡಿಯಲೂ ಬಳಸಬೇಡಿ.

ನಿಮ್ಮ ಕಟ್ಟಡಕ್ಕೆಲ್ಲ ಒಂದೇ ಬಿಸಿನೀರಿನ ಲೈನ್ ಇದ್ದರೆ ಲೆಕ್ಕ ಬೇರೆ. ನಿಮ್ಮ ಮನೆಯ ಬಿಸಿನೀರಿನ ಮುಖ್ಯ ವಾಲ್ವ್ ಮುಚ್ಚಿದ ಮೇಲೂ ತಣ್ಣೀರಿನ ನಲ್ಲಿಯಲ್ಲಿ ಬಿಸಿ ಬರುತ್ತಿದ್ದರೆ ನೀರು ದಾಟುತ್ತಿರುವುದು ಬೇರೆ ಯಾರದೋ ಮನೆಯಲ್ಲಿ. ಆಗ ಸ್ಪ್ಯಾನರ್ ಕೆಳಗಿಟ್ಟು, ಮೇಲಿನ ಮತ್ತು ಕೆಳಗಿನ ಮನೆಯ ಬಾಗಿಲು ತಟ್ಟಿ, ಅವರ ಹ್ಯಾಂಡ್ ಶವರ್ ವಿಚಾರಿಸಿ.